ಪುರುಷರ ಲೈಂಗಿಕ ಒಲವು ಮತ್ತು ಸುಪ್ತ ಮನೋಭಾವ

ಪುರುಷನೊಬ್ಬನು ಸ್ತ್ರೀಯರನ್ನೂ ಪುರುಷರನ್ನೂ ಕುರಿತು ತಳೆದಿರುವ ಮನೋಭಾವಕ್ಕೂ ಅವನ ಲೈಂಗಿಕ ಒಲವಿಗೂ ಸಂಬಂಧವುಂಟೆ? ಒಲಿದವರನ್ನು ಮೆಚ್ಚುವುದು ಸಹಜವೆಂದು ಲೋಕರೂಢಿಯು ಉತ್ತರ ಕೊಡುತ್ತದೆ. ಆದರೆ ಆಕರ್ಷಣೆ ಬೇರೆ, ಮೆಚ್ಚುಗೆ ಬೇರೆ, ಗೌರವ ಬೇರೆ. ಈ ಮೂರನ್ನೂ ಬೇರ್ಪಡಿಸಿ ನೋಡುವುದೇ ಇಲ್ಲಿ ನಮ್ಮ ಉದ್ದೇಶ.

ಮೊದಲು 'ಸುಪ್ತ' ಎಂಬ ಪದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಫ್ರಾಯ್ಡನು ಹೇಳಿದ ಅಚೇತನವು ದಮನಗೊಂಡ ಬಯಕೆಗಳ ನೆಲೆ. ನಾವು ಇಲ್ಲಿ ಹೇಳುವ ಸುಪ್ತ ಮನೋಭಾವವಾದರೋ ಆಲೋಚನೆಗೆ ಮುನ್ನವೇ ತಾನಾಗಿ ಮೂಡುವ ಸಾಹಚರ್ಯ ಮಾತ್ರ. ಇದನ್ನು ಅಳೆಯಲು ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಪರೀಕ್ಷಾರ್ಥಿಯು ತೆರೆಯ ಮೇಲೆ ಬರುವ ಪದಗಳನ್ನು ಎರಡು ಕೀಲಿಗಳಿಂದ ವಿಂಗಡಿಸುತ್ತಾನೆ. ಒಮ್ಮೆ ಸ್ತ್ರೀಸೂಚಕ ಪದಗಳಿಗೂ ಹಿತವಾದ ಪದಗಳಿಗೂ ಒಂದೇ ಕೀಲಿ. ಮತ್ತೊಮ್ಮೆ ಪುರುಷಸೂಚಕ ಪದಗಳಿಗೂ ಹಿತವಾದ ಪದಗಳಿಗೂ ಒಂದೇ ಕೀಲಿ. ಯಾವ ಜೋಡಣೆಯಲ್ಲಿ ಉತ್ತರವು ಶೀಘ್ರವಾಗಿ ಬರುವುದೋ ಆ ಸಾಹಚರ್ಯವು ಬಲವಾದುದೆಂದು ಗ್ರಹಿಸಲಾಗುತ್ತದೆ. ಅಂತರವು ಕೆಲವು ನೂರು ಮಿಲಿಸೆಕೆಂಡುಗಳನ್ನು ಮೀರುವುದು ವಿರಳ.

ಅಮೆರಿಕದ ಲಾರೀ ರಡ್‌ಮನ್ ಮತ್ತು ಸ್ಟೆಫನಿ ಗುಡ್ವಿನ್ 2004ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸ್ತ್ರೀಯರು ಸ್ವವರ್ಗದ ಕಡೆಗೆ ಬಲವಾಗಿ ವಾಲಿದರು. ಪುರುಷರಲ್ಲಿ ಅಂತಹ ಸ್ವವರ್ಗಪಕ್ಷಪಾತ ಕಾಣಲಿಲ್ಲ. ತಂದೆಗಿಂತ ತಾಯಿಯ ಮೇಲೆ ಹೆಚ್ಚಿದ ಮಮತೆ, ಪುರುಷತ್ವವನ್ನು ಹಿಂಸೆಯೊಡನೆ ಬೆಸೆಯುವ ಭಾವನೆ ಇವೆರಡೂ ಸ್ತ್ರೀಯರ ಪರವಾದ ಒಲವಿನೊಡನೆ ಸಂಬಂಧಪಟ್ಟಿದ್ದುವು. ಲೈಂಗಿಕ ಅನುಭವವುಳ್ಳ ಪುರುಷರಲ್ಲಿ ಕಾಮವನ್ನು ಹೆಚ್ಚಾಗಿ ಮೆಚ್ಚುವವರು ಸ್ತ್ರೀಯರ ಕಡೆಗೆ ಹೆಚ್ಚಾಗಿ ವಾಲಿದ್ದರು.

ಈ ಕಾರಣಗಳನ್ನು ಬೇರ್ಪಡಿಸುವುದು ಹೇಗೆ? ಸಲಿಂಗಾಕರ್ಷಣೆಯುಳ್ಳ ಪುರುಷರೊಡನೆ ಹೋಲಿಸುವುದೊಂದು ದಾರಿ. ಆಕರ್ಷಣೆಯೇ ಮುಖ್ಯ ಕಾರಣವಾಗಿದ್ದರೆ ಅವರಲ್ಲಿ ಈ ವಾಲಿಕೆಯು ಕುಗ್ಗಬೇಕು, ಇಲ್ಲವೆ ಪುರುಷರ ಕಡೆಗೆ ತಿರುಗಬೇಕು. ತಾಯಿಯ ಮಮತೆಯೇ ಮುಖ್ಯವಾದರೆ ಇಬ್ಬರಲ್ಲಿಯೂ ಅದು ಸಮನಾಗಿರಬೇಕು. ಏಕೆಂದರೆ ಇಬ್ಬರೂ ಒಂದೇ ಬಗೆಯ ಮನೆಗಳಲ್ಲಿ ಬೆಳೆದವರು.

ಆದರೂ ಫಲಿತಾಂಶವನ್ನು ಅದರ ಮಿತಿಯಲ್ಲಿಯೇ ಓದಬೇಕು. ಸ್ತ್ರೀಯರನ್ನು ಮೆಚ್ಚುವುದು ಸಮಾನರೆಂದು ಗೌರವಿಸುವುದಲ್ಲ. ಹೊಗಳಿಕೆಯೊಳಗೂ ಕೀಳೆಣಿಕೆ ಅಡಗಿರಬಹುದೆಂದು ಪೀಟರ್ ಗ್ಲಿಕ್ ಮತ್ತು ಸೂಸನ್ ಫಿಸ್ಕ್ 1996ರಲ್ಲಿ ತೋರಿಸಿದರು. ಮೇಲಾಗಿ ಈ ಪರೀಕ್ಷೆಯು ಸಮೂಹದ ಸರಾಸರಿಯನ್ನು ಹೇಳಬಲ್ಲುದೇ ಹೊರತು ಒಬ್ಬ ವ್ಯಕ್ತಿಯ ನಡತೆಯನ್ನು ನಿಶ್ಚಯವಾಗಿ ನುಡಿಯಲಾರದು.

ಈ ಎಚ್ಚರಿಕೆಗೆ ಹಳೆಯ ಆಧಾರವೊಂದುಂಟು. 1957ರಲ್ಲಿ ಎವೆಲಿನ್ ಹೂಕರ್ ತಲಾ 30 ಮಂದಿ ಸಲಿಂಗಿ ಮತ್ತು ಭಿನ್ನಲಿಂಗಿ ಪುರುಷರ ಮಾನಸಿಕ ಪರೀಕ್ಷೆಗಳ ಉತ್ತರಗಳನ್ನು ತಜ್ಞರ ಮುಂದಿಟ್ಟರು. ಯಾವುದು ಯಾರದೆಂದು ತಜ್ಞರು ಗುರುತಿಸಲಾರದೆ ಹೋದರು. ಅಮೆರಿಕದ ಮನೋವೈದ್ಯ ಸಂಘವು 1973ರಲ್ಲಿ ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ವಯಸ್ಕರು ಸಮ್ಮತಿಯಿಂದ ನಡೆಸುವ ಅಂತಹ ಸಂಬಂಧವನ್ನು ಅಪರಾಧವಲ್ಲವೆಂದಿತು.

ನಮ್ಮ ತರಗತಿಗಳಲ್ಲಿ ಎರಡು ಬಗೆಯ ಒಲವಿನ ವಿದ್ಯಾರ್ಥಿಗಳೂ ಕುಳಿತಿರುತ್ತಾರೆ. ಒಲವಿನಿಂದ ಗುಣವನ್ನು, ನಡೆನುಡಿಯಿಂದ ಒಲವನ್ನು ಊಹಿಸುವುದು ಶಾಸ್ತ್ರಕ್ಕೂ ಸಲ್ಲದು, ಸೌಜನ್ಯಕ್ಕೂ ಸಲ್ಲದು.