ತೊಗಲುಗೊಂಬೆಯಾಟದ ವಿಡಿಯೋ ಪ್ರತಿಗಳು: ಕೋಡೆಕ್ ವಿಚಾರ

ಕೊಪ್ಪಳದ ಗವಿಮಠದ ಗುಡ್ಡದಲ್ಲಿಯೂ ಅದಕ್ಕೆ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಒಂದೇ ಧರ್ಮಶಾಸನದ ಎರಡು ಪ್ರತಿಗಳಿರುವುದು ೧೯೩೧ರಲ್ಲಿ ಬೆಳಕಿಗೆ ಬಂದಿತು. ಪಾಲ್ಕಿಗುಂಡಿನ ಪ್ರತಿಯು ಬಹಳವಾಗಿ ಸವೆದುಹೋಗಿದೆ; ಗವಿಮಠದ್ದು ಅಷ್ಟು ಕೆಟ್ಟಿಲ್ಲ. ಸವೆದುದನ್ನು ಓದುವುದಕ್ಕೆ ಸವೆಯದುದೇ ಆಧಾರವಾಯಿತು. ಪ್ರತಿಯೊಂದು ಕೆಟ್ಟರೆ ಮತ್ತೊಂದು ಬೇಕೆಂಬ, ಆ ಮತ್ತೊಂದು ಪೂರ್ಣವಾಗಿರಬೇಕೆಂಬ ಈ ನ್ಯಾಯವು ಗ್ರಂಥಸಂಪಾದಕರಿಗೆ ವಿದಿತವೇ ಆಗಿದೆ. ಅದೇ ಸೀಮೆಯ ಜಾನಪದ ಕಲೆಗಳನ್ನು ನಾವು ಈಗ ವಿಡಿಯೋ ರೂಪದಲ್ಲಿ ಹಿಡಿದಿಡುವಾಗ ಮಾತ್ರ ಆ ನ್ಯಾಯವನ್ನು ಮರೆತಿದ್ದೇವೆಂದು ತೋರುವುದರಿಂದ ಈ ಲೇಖನಕ್ಕೆ ತೊಡಗಿದ್ದೇನೆ. ನಾನು ಪಾಠಶಾಲೆಗಳಲ್ಲಿ ವ್ಯಾಕರಣವನ್ನೋದಿದವನು. ಯಂತ್ರವಿದ್ಯೆಯಲ್ಲಿ ನನಗಿರುವುದು ಜಿಜ್ಞಾಸೆಯ ಅಧಿಕಾರ ಮಾತ್ರ.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, ೨೦೨೫ರಲ್ಲಿ, ಪದ್ಮಶ್ರೀ ಪ್ರಶಸ್ತಿಯು ಬಂದುದನ್ನು ವಾಚಕರು ಬಲ್ಲರು. ಈ ಕಲೆಯನ್ನು ಚಿತ್ರಿಸಿಕೊಳ್ಳಬೇಕೆಂಬ ಆಸೆಯು ಅದಕ್ಕೆ ಮೊದಲೂ ಇದ್ದಿತು. ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿಯೆಲ್ಲ ನಡೆದ ರಾಮಾಯಣದ ಆಟವನ್ನು, ಮದುವೆಗಳ ವಿಡಿಯೋ ಮಾಡುವವರೊಬ್ಬರಿಂದ ನಾವು ಕೆಲವರು ಚಿತ್ರಿಸಿದೆವು. ಮೊಬೈಲಿನಲ್ಲಿ ನೋಡುವುದಕ್ಕೆಂದು ಅವರು ಒಂದು ಕಿರುಪ್ರತಿಯನ್ನು ಮಾಡಿಕೊಟ್ಟರು. ಮೂಲವಿದ್ದ ಮೆಮೊರಿ ಕಾರ್ಡನ್ನು ಅಳಿಸಿ ಮುಂದಿನ ಮದುವೆಗೆ ಉಪಯೋಗಿಸಿದರು. ನಾವೂ ಕೇಳಲಿಲ್ಲ, ದೋಷವು ಸಮಪಾಲು. ಎರಡು ವರ್ಷದ ಮೇಲೆ ಸೀತೆಯ ಗೊಂಬೆಯ ಅಲಂಕಾರವನ್ನು ಕುರಿತು ವಿಚಾರಿಸುವುದಕ್ಕಾಗಿ ಆ ಪ್ರತಿಯನ್ನು ಗೊಂಬೆಯವರಿಗೇ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, “ಶಾಸ್ತ್ರಿಗಳ, ಇದು ನಮ್ಮ ಗೊಂಬಿ ಅಲ್ರಿ. ನಮ್ಮದರ ಸೀರಿ ಅಂಚಿನಾಗ ತೂತು ಎಣಿಸಬಹುದು” ಎಂದರು. ಗೊಂಬೆ ಅವರದೇ. ತೂತುಗಳನ್ನು ನುಂಗಿದುದು ಕೋಡೆಕ್ಕು.

ಕೋಡೆಕ್ ಎಂಬುದು ಬರೆಯುವ ‘ಕೋಡರ್’, ಬಿಡಿಸುವ ‘ಡಿಕೋಡರ್’ ಎಂಬೆರಡು ಪದಗಳ ಆದಿಭಾಗಗಳನ್ನು ಕೂಡಿಸಿದ ಹೆಸರು. ಪ್ರತ್ಯಾಹಾರಗಳನ್ನು ಬಲ್ಲವರಿಗೆ ಇಂಥ ನಾಮಕರಣವು ಹೊಸದಾಗಿ ತೋರದು. ಇದರ ಆವಶ್ಯಕತೆ ಲೆಕ್ಕದಿಂದಲೇ ತಿಳಿಯುತ್ತದೆ. ಹೈ ಡೆಫಿನಿಷನ್ ಎನಿಸುವ ಚಿತ್ರವೊಂದರಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ ಸರಾಸರಿ ೨೦ ಬಿಟ್ಟುಗಳಂತೆ, ಸೆಕೆಂಡಿಗೆ ೨೫ ಚಿತ್ರಗಳಂತೆ ಬರೆಯುತ್ತ ಹೋದರೆ ಒಂದು ಗಂಟೆಯ ಆಟಕ್ಕೆ ಸುಮಾರು ೪೬೭ ಗಿಗಾಬೈಟುಗಳಾಗುತ್ತವೆ. ಆದಕಾರಣ ಸಂಕ್ಷೇಪವು ಅನಿವಾರ್ಯ. ಆದರೆ ಸಂಕ್ಷೇಪವೆಲ್ಲವೂ ಒಂದೇ ಜಾತಿಯದಲ್ಲ. ಸೂತ್ರವೂ ಸಂಕ್ಷಿಪ್ತ, ಕಥಾಸಾರವೂ ಸಂಕ್ಷಿಪ್ತ. ಮೊದಲನೆಯದರಿಂದ ಅರ್ಥವನ್ನು ಪೂರ್ತಿಯಾಗಿ ಬಿಡಿಸಬಹುದು, ಎರಡನೆಯದರಿಂದ ಕಾವ್ಯವನ್ನು ಮರಳಿ ಪಡೆಯಲಾಗದು. ಮೊದಲಿನದನ್ನು ನಷ್ಟರಹಿತವೆಂದೂ ಎರಡನೆಯದನ್ನು ನಷ್ಟಸಹಿತವೆಂದೂ ಕರೆಯೋಣ.

ನಷ್ಟವು ಎಲ್ಲಿ ಸಂಭವಿಸುತ್ತದೆ? ಎರಡು ಸ್ಥಾನಗಳಲ್ಲಿ. ಮೊದಲನೆಯದು ವರ್ಣದಲ್ಲಿ. ನಮ್ಮ ಕಣ್ಣು ಬೆಳಕಿನ ಭೇದವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಭೇದವನ್ನು ಗುರುತಿಸದೆಂಬ ಆಧಾರದಿಂದ, ಬೆಳಕನ್ನು ಬಿಂದುಬಿಂದುವಿಗೂ ಬರೆದು, ಬಣ್ಣವನ್ನು ನಾಲ್ಕು ಬಿಂದುಗಳಿಗೆ ಒಂದರಂತೆ ಬರೆಯುತ್ತಾರೆ. ಇದಕ್ಕೆ ೪:೨:೦ ಎಂಬ ಸಂಕೇತವಿದೆ, ಎರಡಕ್ಕೊಂದಾದರೆ ೪:೨:೨. ಎರಡನೆಯ ಸ್ಥಾನವು ಪರಿವರ್ತನದಲ್ಲಿ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪ್ರತಿಯೊಂದು ಚೌಕವನ್ನೂ ನಿಧಾನವಾದ ಹಾಗೂ ತೀವ್ರವಾದ ಏರಿಳಿತಗಳ ಮೊತ್ತವೆಂದು ಬರೆದು, ಅಲ್ಪವಾದ ತೀವ್ರಾಂಶಗಳನ್ನು ಸೊನ್ನೆಯೆಂದು ಭಾವಿಸಿ ಬಿಡುವುದು ಇದರ ಕ್ರಮ. ಈ ಗಣಿತಕ್ಕೆ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂದು ಹೆಸರು. ಇದನ್ನು ೧೯೭೪ರಲ್ಲಿ ಟಿ. ನಟರಾಜನ್, ಕೆ. ಆರ್. ರಾವ್ ಇವರೊಡನೆ ಪ್ರಕಟಿಸಿದ ನಾಸಿರ್ ಅಹಮದರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ೧೯೬೧ರಲ್ಲಿ ಪದವಿ ಪಡೆದವರು. ಇಂದು ಲೋಕದಲ್ಲಿ ಹರಿದಾಡುವ ಚಿತ್ರಗಳ ಬಹುಭಾಗಕ್ಕೆ ಕನ್ನಡನಾಡಿನಲ್ಲಿ ಹುಟ್ಟಿದವರೊಬ್ಬರ ಗಣಿತವೇ ಆಧಾರವೆಂಬುದನ್ನು ನಮ್ಮ ಪಾಠಪುಸ್ತಕಗಳು ಇನ್ನೂ ಗಟ್ಟಿಯಾಗಿ ಹೇಳಬಹುದಾಗಿತ್ತು.

ಮದುವೆಯ ಮಂಟಪಕ್ಕೆ ಈ ನಷ್ಟವು ಬಾಧಕವಲ್ಲ. ತೊಗಲುಗೊಂಬೆಗಾದರೋ ಬಾಧಕ. ಅದು ಹೇಗೆಂದರೆ, ಇಲ್ಲಿ ಕತ್ತಲೆಯ ನಡುವೆ ಒಂದು ಪರದೆ, ಅದರ ಹಿಂದೆ ಒಂದು ದೀಪ. ಬೆಳಕು ಹದಮಾಡಿದ ತೊಗಲಿನ ಮೂಲಕ ಹಾಯ್ದು ಬರುವುದು. ದೀಪದಿಂದ ದೂರವಾದಂತೆ ಪರದೆಯು ಮೆಲ್ಲಮೆಲ್ಲನೆ ಕಪ್ಪಾಗುತ್ತದೆ. ೮ ಬಿಟ್ಟಿನ ಬರವಣಿಗೆಯಲ್ಲಿ ಬೆಳಕಿಗೆ ೨೫೬ ಮೆಟ್ಟಿಲುಗಳು ಮಾತ್ರ. ಸಂಕ್ಷೇಪವು ಅವುಗಳಲ್ಲಿಯೂ ಹಲವನ್ನು ಕಡಿದುಹಾಕುವುದರಿಂದ ಆ ಕ್ರಮಛಾಯೆಯು ಹೊಲದ ಬದುಗಳಂತೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ೧೦ ಬಿಟ್ಟಿನದರಲ್ಲಿ ಮೆಟ್ಟಿಲುಗಳು ೧೦೨೪. ಇನ್ನು ಗೊಂಬೆಯ ಕೆಂಪು: ಗಾಢವಾದ ಕೆಂಪಿನ ಅಂಚುಗಳೇ ೪:೨:೦ ಕ್ರಮದಲ್ಲಿ ಮೊದಲು ಕಲಸಿಹೋಗುವುವು. ಸೀರೆಯಂಚಿನ ರಂಧ್ರಗಳೋ ಪಕ್ಕಪಕ್ಕದಲ್ಲಿ ಬೆಳಕು ಕತ್ತಲೆಗಳನ್ನುಳ್ಳ ತೀವ್ರಾಂಶಗಳೇ ಆಗಿರುವುದರಿಂದ ಕತ್ತರಿಗೆ ಮೊದಲು ಸಿಕ್ಕುವುವು. ಅಂದರೆ ಈ ಕಲೆಯ ಜೀವವು ಯಾವುದರಲ್ಲಿರುವುದೋ ಅದನ್ನೇ ಯಂತ್ರವು ಅಲ್ಪವೆಂದು ಎಣಿಸುತ್ತದೆ.

ಇದು ಒಂದೊಂದು ಚಿತ್ರದೊಳಗಣ ಮಾತಾಯಿತು. ಚಿತ್ರಗಳ ಪರಸ್ಪರ ಸಂಬಂಧದಲ್ಲಿ ಮತ್ತೊಂದು ಉಪಾಯವಿದೆ. ವೈಯಾಕರಣರು ಇದನ್ನು ಕಂಡರೆ ನಗುವರು, ಏಕೆಂದರೆ ಇದು ಅನುವೃತ್ತಿಯೇ. ಯಣಾದೇಶವನ್ನು ವಿಧಿಸುವ ಪಾಣಿನಿಯ ಸೂತ್ರದಲ್ಲಿ ಸ್ವರವು ಪರವಾದಾಗ ಎಂಬರ್ಥದ ಪದವಿರುತ್ತದೆ. ಅದರ ಮುಂದೆ ಅಯ್ ಅವ್ ಮೊದಲಾದವನ್ನು ವಿಧಿಸುವ ಸೂತ್ರದಲ್ಲಿ ಆ ಪದವಿಲ್ಲ, ಹಿಂದಿನದರಿಂದ ಹರಿದುಬರುತ್ತದೆ. ೨೦೦೩ರಲ್ಲಿ ಸಿದ್ಧವಾದ ಎಚ್.೨೬೪ ಎಂಬ ಕೋಡೆಕ್ಕಿನ ರೂಢಿಯ ಪ್ರಯೋಗದಲ್ಲಿಯೂ ಹೀಗೆಯೇ. ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನ ಹತ್ತಾರು ಚಿತ್ರಗಳಲ್ಲಿ ಬದಲಾದುದನ್ನು ಮಾತ್ರ ಬರೆಯುತ್ತಾರೆ. ಮುಂದಿನ ಚಿತ್ರದಿಂದ ಹಿಂದಕ್ಕೆ ಸೆಳೆದುಕೊಳ್ಳುವ ಅಪಕರ್ಷವೂ ಉಂಟು. ೨೦೧೩ರ ಎಚ್.೨೬೫, ೨೦೧೮ರ ಎ.ವಿ.೧ ಇವೂ ಈ ದಾರಿಯವೇ, ಇನ್ನೂ ಬಿಗಿಯಾದವು. ಲಾಘವವು ಅಪಾರ, ಆದರೆ ಸೂತ್ರವೊಂದನ್ನು ಪ್ರಕರಣದಿಂದ ಕಿತ್ತರೆ ಅರ್ಥವಾಗದಂತೆ, ನಡುವಣ ಚಿತ್ರವೊಂದನ್ನು ಅದರಷ್ಟಕ್ಕೆ ಬಿಡಿಸಲಾಗದು. ಸಂಕಲನಕಾರನು ಕತ್ತರಿಸಬೇಕೆಂದ ಕಡೆಯಲ್ಲೆಲ್ಲ ಯಂತ್ರವು ಹಿಂದಕ್ಕೆ ಹೋಗಿ ಪೂರ್ಣಚಿತ್ರದಿಂದ ಆರಂಭಿಸಿ ಬಿಡಿಸಿಕೊಂಡು ಬರಬೇಕು. ಪೂರ್ಣಚಿತ್ರದಲ್ಲಿ ಒಂದು ದೋಷ ಬಿದ್ದರೆ ಅದೂ ಮುಂದಿನವುಗಳಿಗೆ ಅನುವರ್ತಿಸುತ್ತದೆ.

ಆದುದರಿಂದ ಸಂಕಲನಕ್ಕೆ ಬೇಕಾದವು ಮುಕ್ತಕಗಳಂಥ ಕೋಡೆಕ್ಕುಗಳು. ಪ್ರತಿಯೊಂದು ಚಿತ್ರವೂ ಸ್ವತಂತ್ರವಾಗಿ ನಿಲ್ಲತಕ್ಕವು. ಆ್ಯಪಲ್ ಸಂಸ್ಥೆಯು ೨೦೦೭ರಲ್ಲಿ ಹೊರಡಿಸಿದ ಪ್ರೋರೆಸ್, ಆವಿಡ್ ಸಂಸ್ಥೆಯ ಡಿ.ಎನ್.ಎಕ್ಸ್.ಎಚ್.ಡಿ. ಇವು ಪ್ರಸಿದ್ಧ. ಪ್ರೋರೆಸ್ ೪೨೨ ಎಚ್.ಕ್ಯೂ. ಎಂಬ ಭೇದವು ೧೦ ಬಿಟ್, ೪:೨:೨; ಸೆಕೆಂಡಿಗೆ ಸುಮಾರು ೧೮೪ ಮೆಗಾಬಿಟ್, ಗಂಟೆಗೆ ೮೩ ಗಿಗಾಬೈಟ್. ಡಿ.ಎನ್.ಎಕ್ಸ್.ಎಚ್.ಡಿ.ಯ ಸಮಾನಭೇದವೂ ಹೆಚ್ಚುಕಡಿಮೆ ಇಷ್ಟೇ. ಇವೆರಡರಲ್ಲಿ ಯಾವುದು ಮೇಲೆಂಬ ಕಲಹವನ್ನು ಸಂಕಲನಕಾರರಿಗೆ ಬಿಡುವುದು ಲೇಸು; ನಮ್ಮ ಕಾರ್ಯಕ್ಕೆ ಎರಡೂ ಸಾಧು. ಕಣ್ಣಿಗೆ ಕಾಣುವ ನಷ್ಟ ಇವುಗಳಲ್ಲಿ ಅತ್ಯಲ್ಪ. ಆದರೂ ನಷ್ಟಸಹಿತವೇ; ಬರೆದು ಬಿಡಿಸಿ ಮತ್ತೆ ಬರೆಯುತ್ತ ಹೋದರೆ, ಓಲೆಯಿಂದ ಓಲೆಗೆ ಲಿಪಿಕಾರನ ದೋಷ ಸೇರುವಂತೆ ಸೇರುತ್ತ ಹೋಗುತ್ತದೆ.

ಸಂರಕ್ಷಣೆಗೆ ನನ್ನ ಮತದಲ್ಲಿ ಎಫ್.ಎಫ್.ವಿ.೧ ಎಂಬ ನಷ್ಟರಹಿತ ಕೋಡೆಕ್ಕೇ ಶ್ರೇಷ್ಠ. ಇದು ಅಕ್ಕಪಕ್ಕದ ಬಿಂದುಗಳಿಂದ ಮುಂದಿನ ಬಿಂದುವನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ಅಂತರವನ್ನು ಮಾತ್ರ ಬರೆಯುತ್ತದೆ. ಆದ್ದರಿಂದ ಬಿಡಿಸಿದಾಗ ಒಂದು ಬಿಟ್ಟೂ ವ್ಯತ್ಯಾಸವಾಗದು. ಗಾತ್ರವು ಸಾಮಾನ್ಯವಾಗಿ ಮೂಲದ ಅರ್ಧಕ್ಕೋ ಮೂರರಲ್ಲೊಂದಕ್ಕೋ ಇಳಿಯುತ್ತದೆ. ಕತ್ತಲೆಯಲ್ಲಿ ಚಿತ್ರಿಸಿದುದರಲ್ಲಿ ಕೆಮರಾದ ಕಣಕಣವಾದ ಗದ್ದಲ ಹೆಚ್ಚಾಗಿರುವುದರಿಂದ ಇಳಿತ ಕಡಮೆ. ಇದರ ಮೂರನೆಯ ಆವೃತ್ತಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಗುಣವೊಂದಿದೆ. ಪ್ರತಿಯೊಂದು ಚಿತ್ರವನ್ನೂ ಖಂಡಗಳಾಗಿ ಮಾಡಿ, ಖಂಡಖಂಡಕ್ಕೂ ಪರೀಕ್ಷಾಸಂಖ್ಯೆಯೊಂದನ್ನು ಜೊತೆಗಿಡುತ್ತಾರೆ. ವೇದಪಾಠಕರು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಘನಪಾಠದಲ್ಲಿ ಹೇಳುವುದು ತಪ್ಪು ಬಿದ್ದರೆ ಅಲ್ಲಿಯೇ ತಿಳಿಯಲೆಂದಷ್ಟೆ. ಇಲ್ಲಿಯೂ ಅದೇ ಅಭಿಪ್ರಾಯ. ಕೆಟ್ಟುದನ್ನು ಇದು ಸರಿಪಡಿಸದು, ಕೆಟ್ಟಿದೆಯೆಂದು ಸ್ಥಳಸಹಿತವಾಗಿ ಹೇಳುತ್ತದೆ. ಸರಿಪಡಿಸುವುದಕ್ಕೆ ಎರಡನೆಯ ಪ್ರತಿ ಬೇಕು. ಇದರ ಲಕ್ಷಣಗ್ರಂಥವು ೨೦೨೧ರಲ್ಲಿಯೂ, ಇದನ್ನಿಡುವ ಮಟ್ರೋಸ್ಕಾ ಎಂಬ ಸಂಪುಟದ ಲಕ್ಷಣವು ೨೦೨೪ರಲ್ಲಿಯೂ ಎಲ್ಲರಿಗೂ ತೆರೆದ ಪ್ರಮಾಣವಾಗಿ ಪ್ರಕಟವಾಗಿವೆ. ವ್ಯಾಕರಣವು ಪ್ರಕಟವಾಗಿರುವ ಭಾಷೆಯನ್ನು ಐವತ್ತು ವರ್ಷದ ಮೇಲೆಯೂ ಕಲಿಯಬಹುದು. ಜೆಪೆಗ್ ೨೦೦೦ ಎಂಬುದೂ ನಷ್ಟರಹಿತವಾಗಿ ಬರೆಯಬಲ್ಲದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ಅದನ್ನು ಬಳಸಿದ್ದಾರೆ. ನಮ್ಮಂಥ ಅಲ್ಪಸಾಧನರಿಗೆ ಉಚಿತವಾಗಿ ದೊರೆಯುವ ಎಫ್.ಎಫ್.ವಿ.೧ ಸುಲಭ.

ಇಲ್ಲಿ ಒಂದು ಶಂಕೆ. ನಮ್ಮ ಸೀಮೆಯಲ್ಲಿ ಬಾಡಿಗೆಗೆ ಸಿಕ್ಕುವ ಎಷ್ಟೋ ಕೆಮರಾಗಳು ಚಿತ್ರಿಸುವಾಗಲೇ ೮ ಬಿಟ್, ೪:೨:೦ ಎಚ್.೨೬೪ರಲ್ಲಿ ಬರೆದುಬಿಡುತ್ತವೆ, ಅಂಥದನ್ನು ನಷ್ಟರಹಿತವಾಗಿ ಮತ್ತೆ ಬರೆದರೆ ಫಲವೇನು? ಸಮಾಧಾನ: ಫಲವಿಲ್ಲ. ಹೋದುದು ಮರಳದು, ಗಾತ್ರ ಮಾತ್ರ ಹಿಗ್ಗುವುದು. ಅಂಥಲ್ಲಿ ಕೆಮರಾದಿಂದ ಬಂದ ಕಡತವೇ ಮೂಲಪ್ರತಿ. ಅದನ್ನು ಬಂದಂತೆಯೇ ಇಡಬೇಕು. ಸಂಕಲನಕ್ಕಾಗಿ ಪ್ರೋರೆಸ್ಸಿಗೆ ಬರೆದುಕೊಂಡರೂ ಮೂಲವನ್ನು ಅಳಿಸಕೂಡದು. ಹೊಸದಾಗಿ ಚಿತ್ರಿಸುವವರು ಕೆಮರಾದ ಹೊರಮಾರ್ಗದಿಂದ ಪ್ರತ್ಯೇಕ ರೆಕಾರ್ಡರಿಗೆ ೧೦ ಬಿಟ್, ೪:೨:೨ರಲ್ಲಿ ತೆಗೆದುಕೊಳ್ಳುವುದು ಸಾಧ್ಯವಾದರೆ ಅದೇ ಉತ್ತಮ.

ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರವರೆಗೆ ಆರು ಗಂಟೆಯ ಆಟವೆಂದಿಟ್ಟುಕೊಂಡರೆ, ಸಂಕ್ಷೇಪಿಸದ ೧೦ ಬಿಟ್ಟಿನ ಪ್ರತಿಗೆ ೨೮೦೦ ಗಿಗಾಬೈಟ್, ಎಫ್.ಎಫ್.ವಿ.೧ರಲ್ಲಿ ೯೩೦ರಿಂದ ೧೪೦೦; ಪ್ರೋರೆಸ್ ಎಚ್.ಕ್ಯೂ.ನಲ್ಲಿ ಸುಮಾರು ೫೦೦. ಸೆಕೆಂಡಿಗೆ ೨೪ ಮೆಗಾಬಿಟ್ಟಿನ ಕೆಮರಾಪ್ರತಿಗೆ ೬೫. ೮ ಮೆಗಾಬಿಟ್ಟಿನ ನೋಟದ ಪ್ರತಿಗೆ ೨೨. ಎರಡು ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಒಂದು ರಾತ್ರಿಯ ರಾಮಾಯಣವು ನಷ್ಟರಹಿತವಾಗಿ ಹಿಡಿಯುತ್ತದೆ. ಧ್ವನಿಯನ್ನಂತೂ ಸಂಕ್ಷೇಪಿಸಲೇಬಾರದು, ೨೪ ಬಿಟ್ಟಿನ ಎರಡು ಧಾರೆಗಳಿಗೆ ಗಂಟೆಗೆ ಒಂದು ಗಿಗಾಬೈಟ್ ಸಾಕು, ಪಾಠನಿರ್ಣಯಕ್ಕೆ ನಮಗೆ ಬೇಕಾದುದು ಅದೇ. ಕೊಪ್ಪಳದಲ್ಲೊಂದು, ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಮತ್ತೊಂದು, ಹೀಗೆ ಎರಡು ಊರುಗಳಲ್ಲಿ ಎರಡು ಡಿಸ್ಕುಗಳಿರಲಿ. ಹಸ್ತಪ್ರತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದಂತೆ ಕಡತದ ಪರೀಕ್ಷಾಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟು ವರ್ಷಕ್ಕೊಮ್ಮೆ ಹೋಲಿಸತಕ್ಕದ್ದು. ಆಡಿಸಿದವರು, ಊರು, ತಿಥಿ, ಪ್ರಸಂಗ ಇವುಗಳೊಡನೆ ಪರದೆಯ ಹಿಂದಿದ್ದುದು ಎಣ್ಣೆಯ ದೀಪವೋ ವಿದ್ಯುದ್ದೀಪವೋ ಎಂಬುದನ್ನೂ ಕಾಣಿಸಬೇಕು; ಬಣ್ಣದ ನಿರ್ಣಯವು ಅದನ್ನವಲಂಬಿಸಿದೆ.

ಯಲಬುರ್ಗಾ ಕಡೆಯ ಆ ಸೀತೆಯ ಗೊಂಬೆಯು ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿದೆ. ಅದನ್ನು ಮತ್ತೆ ಚಿತ್ರಿಸಬಹುದು. ಆ ರಾತ್ರಿ ಹಾಡಿದ ಹಿರಿಯರು ಈಗಿಲ್ಲ. ಅವರ ಹಾಡಿಕೆ ಉಳಿದಿರುವುದು ಮೊಬೈಲಿಗಾಗಿ ಮಾಡಿದ ಆ ಕಿರುಪ್ರತಿಯೊಂದರಲ್ಲೇ. ಅದನ್ನು ಯಾವ ಕೋಡೆಕ್ಕಿಗೂ ಮತ್ತೆ ಬರೆಯದೆ, ಬಂದಂತೆಯೇ, ಎರಡು ಡಿಸ್ಕುಗಳಲ್ಲಿ ಇಟ್ಟಿದ್ದೇನೆ.