‘ಮೈನಾರಿಟಿ’ ಎಂಬ ಪದ: ಗಡಿಭಾಗದ ನಾವು ಯಾವ ಅರ್ಥದಲ್ಲಿ ಅಲ್ಪಸಂಖ್ಯಾತರು?

ಉಮರಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಕನ್ನಡ ಮನೆಮಾತಿನ ಕುಟುಂಬಗಳಿಗೆ ಮಕ್ಕಳ ಶಾಲಾ ಕಾಲೇಜು ಪ್ರವೇಶದ ಸಮಯದಲ್ಲಿ ಒಂದು ಇಂಗ್ಲಿಷ್ ನಾಮಪದ ಮತ್ತೆ ಮತ್ತೆ ಎದುರಾಗುತ್ತದೆ. ಅದು ‘ಮೈನಾರಿಟಿ’. ‘ಅದು ಬೇರೆ ಧರ್ಮದವರಿಗೆ ಸಂಬಂಧಿಸಿದ್ದು, ನಮಗಲ್ಲ’ ಎಂದು ಕೆಲವು ಪಾಲಕರು ಆ ಅಂಕಣವನ್ನು ಬಿಟ್ಟುಬಿಡುತ್ತಾರೆ. ‘ನಾವು ಕನ್ನಡಿಗರು, ಇಲ್ಲಿ ಅಲ್ಪಸಂಖ್ಯಾತರು’ ಎಂದು ಮತ್ತೆ ಕೆಲವರು ಧಾರ್ಮಿಕ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿ ನಿರಾಶರಾಗುತ್ತಾರೆ. ಎರಡೂ ಕಡೆ ತೊಡಕಿರುವುದು ಆ ಪದದ ಅರ್ಥದಲ್ಲಿ. ಆದುದರಿಂದ ಅದರ ಬೇರೆ ಬೇರೆ ಅರ್ಥಗಳನ್ನೂ ಸರಿಯಾದ ಬಳಕೆಯನ್ನೂ ಇಲ್ಲಿ ವಿವರಿಸುತ್ತಿದ್ದೇವೆ.

ಈ ಪದದ ಮೂಲ ‘ಚಿಕ್ಕದು, ಕಡಿಮೆಯದು’ ಎಂಬರ್ಥದ ಲ್ಯಾಟಿನ್ ಶಬ್ದ. ಒಂದು ಮೊತ್ತದಲ್ಲಿ ಅರ್ಧಕ್ಕಿಂತ ಕಡಿಮೆಯಿರುವ ಭಾಗ ಎಂಬುದು ಅದರ ಸಾಮಾನ್ಯ ಅರ್ಥ. ಇಲ್ಲಿ ಗಮನಿಸಬೇಕಾದ ವ್ಯಾಕರಣದ ಅಂಶವೊಂದಿದೆ. ಕನ್ನಡದಲ್ಲಿ ‘ಅಲ್ಪಸಂಖ್ಯಾತ’ ಎಂಬುದು ಒಬ್ಬ ವ್ಯಕ್ತಿಗೂ ಸಲ್ಲುತ್ತದೆ. ‘ಆತ ಅಲ್ಪಸಂಖ್ಯಾತ’ ಎಂದರೆ ತಪ್ಪಿಲ್ಲ. ಇಂಗ್ಲಿಷಿನಲ್ಲಿ ‘ಮೈನಾರಿಟಿ’ ಮುಖ್ಯವಾಗಿ ಗುಂಪಿನ ಹೆಸರು, ವ್ಯಕ್ತಿಯದಲ್ಲ. ನಮ್ಮ ವಿದ್ಯಾರ್ಥಿಗಳು ಅರ್ಜಿಗಳಲ್ಲಿ ‘ಐ ಆಮ್ ಎ ಮೈನಾರಿಟಿ’ ಎಂದು ಬರೆಯುವುದು ಕನ್ನಡದ ರೂಢಿಯ ಪ್ರಭಾವ. ‘ಐ ಬಿಲಾಂಗ್ ಟು ಎ ಲಿಂಗ್ವಿಸ್ಟಿಕ್ ಮೈನಾರಿಟಿ’ ಎಂಬುದು ಶುದ್ಧ ಪ್ರಯೋಗ. ‘ಲಿಂಗ್ವಿಸ್ಟಿಕ್’, ಅಂದರೆ ‘ಭಾಷಿಕ’ ಎಂಬ ವಿಶೇಷಣವನ್ನು ಬಿಡಬಾರದೇಕೆ ಎಂಬುದು ಮುಂದೆ ತಿಳಿಯುತ್ತದೆ.

ಎರಡನೆಯ ಅರ್ಥ ವಯಸ್ಸಿಗೆ ಸಂಬಂಧಿಸಿದ್ದು. ಹದಿನೆಂಟು ತುಂಬದ ವ್ಯಕ್ತಿ ‘ಮೈನರ್’; ಆ ಸ್ಥಿತಿ ‘ಮೈನಾರಿಟಿ’. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿರುವುದು ಇದೇ ಪದ. ಅಲ್ಲಿ ಜನಸಂಖ್ಯೆಯ ಮಾತೇ ಇಲ್ಲ. ಮಹಾರಾಷ್ಟ್ರದ ಸಾತ್‌ಬಾರಾ ಉತಾರಗಳಲ್ಲಿ ‘ಅ.ಪಾ.ಕ.’ ಎಂಬ ನಮೂದನ್ನು ನಮ್ಮ ರೈತರು ನೋಡಿರುತ್ತಾರೆ. ‘ಅಜ್ಞಾನ ಪಾಲಕ ಕರ್ತಾ’ ಎಂಬುದರ ಸಂಕ್ಷೇಪವದು. ಮರಾಠಿ ಕಾನೂನು ಭಾಷೆಯಲ್ಲಿ ‘ಅಜ್ಞಾನ’ ಎಂದರೆ ಅಪ್ರಾಪ್ತವಯಸ್ಕ, ಕನ್ನಡದಲ್ಲಿ ತಿಳಿವಳಿಕೆಯಿಲ್ಲದಿರುವಿಕೆ. ಹೊಲದ ಹಕ್ಕುದಾರ ಹುಡುಗನಾಗಿದ್ದು, ಅವನ ಪರವಾಗಿ ಪಾಲಕರು ವ್ಯವಹರಿಸುತ್ತಿದ್ದಾರೆಂಬುದಷ್ಟೇ ಅದರ ತಾತ್ಪರ್ಯ.

ಮೂರನೆಯದು ಮತಗಣನೆಯ ಅರ್ಥ. 1991ರಲ್ಲಿ ಪಿ. ವಿ. ನರಸಿಂಹರಾವ್ ಅವರು ರಚಿಸಿದ ಸರ್ಕಾರಕ್ಕೆ ಲೋಕಸಭೆಯಲ್ಲಿ ಸ್ಪಷ್ಟ ಬಹುಮತವಿರಲಿಲ್ಲ. ಅದು ‘ಮೈನಾರಿಟಿ’ ಸರ್ಕಾರ. ನ್ಯಾಯಪೀಠದಲ್ಲಿ ಕಡಿಮೆ ಸಂಖ್ಯೆಯ ನ್ಯಾಯಾಧೀಶರು ಬರೆದ ಭಿನ್ನ ತೀರ್ಪಿಗೂ ಇದೇ ವಿಶೇಷಣ. ಕನ್ನಡದಲ್ಲಿ ಇವಕ್ಕೆ ‘ಅಲ್ಪಮತ’ ಎಂಬ ಪ್ರತ್ಯೇಕ ಪದವಿದೆ. ಅಲ್ಪಮತದ ಸರ್ಕಾರವನ್ನು ‘ಅಲ್ಪಸಂಖ್ಯಾತ ಸರ್ಕಾರ’ ಎನ್ನುವುದು ಸರಿಯಲ್ಲ.

ನಮಗೆ ಅತ್ಯಂತ ಹತ್ತಿರದ್ದು ನಾಲ್ಕನೆಯ, ಸಂವಿಧಾನಾತ್ಮಕ ಅರ್ಥ. ಸಂವಿಧಾನ ಈ ಪದವನ್ನು ಬಳಸುತ್ತದೆಯಾದರೂ ಅದರ ವ್ಯಾಖ್ಯೆಯನ್ನು ಕೊಟ್ಟಿಲ್ಲ. 30ನೆಯ ವಿಧಿ ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ನೀಡುತ್ತದೆ. ‘ಧರ್ಮ ಅಥವಾ ಭಾಷೆ’ ಎಂಬಲ್ಲಿಯೇ ಎರಡು ಬಗೆಗಳಿವೆ.

ಧಾರ್ಮಿಕ ಅಲ್ಪಸಂಖ್ಯಾತರಿಗೆ ಕೇಂದ್ರ ಸರ್ಕಾರದ ಪಟ್ಟಿಯಿದೆ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯಿದೆಯ ಅಡಿಯಲ್ಲಿ 1993ರಲ್ಲಿ ಮುಸ್ಲಿಮರು, ಕ್ರೈಸ್ತರು, ಸಿಖ್ಖರು, ಬೌದ್ಧರು ಹಾಗೂ ಪಾರ್ಸಿಗಳನ್ನು, 2014ರಲ್ಲಿ ಜೈನರನ್ನು ಸೇರಿಸಲಾಯಿತು. ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳು ಈ ಆರು ಸಮುದಾಯಗಳಿಗೆ ಮೀಸಲು. ಕನ್ನಡ ಮಾತನಾಡುವುದರಿಂದ ಮಾತ್ರ ಅವು ದೊರೆಯುವುದಿಲ್ಲ. ನಮ್ಮಲ್ಲಿನ ಕನ್ನಡ ಮನೆಮಾತಿನ ಜೈನ ಕುಟುಂಬವೊಂದು ಎರಡೂ ಅರ್ಥಗಳಲ್ಲಿ ಅಲ್ಪಸಂಖ್ಯಾತವಾಗುತ್ತದೆ. ಕನ್ನಡ ಮನೆಮಾತಿನ ಹಿಂದೂ ಕುಟುಂಬ ಭಾಷೆಯ ಅರ್ಥದಲ್ಲಿ ಮಾತ್ರ.

ಭಾಷಾ ಅಲ್ಪಸಂಖ್ಯಾತರಿಗೆ ಇಂತಹ ರಾಷ್ಟ್ರವ್ಯಾಪಿ ಪಟ್ಟಿಯಿಲ್ಲ. ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು 2002ರಲ್ಲಿ, 30ನೆಯ ವಿಧಿಯ ಉದ್ದೇಶಕ್ಕೆ ಅಲ್ಪಸಂಖ್ಯಾತರನ್ನು ಗುರುತಿಸುವ ಘಟಕ ರಾಜ್ಯ ಎಂದು ಹೇಳಿತು. ಊರಿನಲ್ಲಿ ಕನ್ನಡಿಗರೇ ಹೆಚ್ಚಾಗಿದ್ದರೂ ಮಹಾರಾಷ್ಟ್ರದ ಲೆಕ್ಕದಲ್ಲಿ ಅವರು ಅಲ್ಪಸಂಖ್ಯಾತರೇ.

ಈ ಮಾತು ನಮ್ಮ ಮೂರು ತಾಲ್ಲೂಕುಗಳ ಚರಿತ್ರೆಗೆ ನೇರವಾಗಿ ತಾಗುತ್ತದೆ. ಹಿಂದಿನ ಹೈದರಾಬಾದ್ ಸಂಸ್ಥಾನದಲ್ಲಿ ತೆಲುಗು, ಮರಾಠಿ, ಕನ್ನಡ, ಉರ್ದು ನುಡಿಗಳಲ್ಲಿ ಯಾವುದೊಂದೂ ಅರ್ಧವನ್ನು ದಾಟಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಮರಗಾ ಉಸ್ಮಾನಾಬಾದ್ ಜಿಲ್ಲೆಯೊಡನೆ ಅತ್ತಲೇ ಸೇರಿತು. 1960ರಲ್ಲಿ ಇವೆಲ್ಲ ಮಹಾರಾಷ್ಟ್ರದ ಭಾಗವಾದವು. ಅಂದಿನಿಂದ ನಿಲಂಗಾದ ಕನ್ನಡಿಗ ಭಾಷಾ ಅಲ್ಪಸಂಖ್ಯಾತ. ಭಾಲ್ಕಿ, ಔರಾದ, ಬಸವಕಲ್ಯಾಣಗಳ ಮರಾಠಿ ಭಾಷಿಕನೂ ಕರ್ನಾಟಕದಲ್ಲಿ ಹಾಗೆಯೇ. ಗಡಿಯ ಎರಡೂ ಬದಿ ಬೀಗತನವಿರುವ ಮನೆಗಳಲ್ಲಿ ಅಣ್ಣ ಬಹುಸಂಖ್ಯಾತ, ತಂಗಿ ಅಲ್ಪಸಂಖ್ಯಾತೆ ಆಗಿರುವುದುಂಟು. ಈ ಪದ ಕುಲದಿಂದ ಬರುವುದಲ್ಲ, ಗಡಿರೇಖೆಯಿಂದ ಬರುವುದು. ಆದುದರಿಂದ ಅದರಲ್ಲಿ ಹೀನಾಯವೆನಿಸುವಂಥದ್ದು ಏನೂ ಇಲ್ಲ.

‘ನಮಗೆ ಕನ್ನಡ ಓದಲು ಬರುವುದಿಲ್ಲ, ಮರಾಠಿಯಲ್ಲೇ ಬರೆಯುತ್ತೇವೆ, ನಾವೂ ಕನ್ನಡ ಅಲ್ಪಸಂಖ್ಯಾತರೇ?’ ಎಂಬ ಸಂಶಯ ಈ ಭಾಗದಲ್ಲಿ ಸಹಜ. 1971ರಲ್ಲಿ ಪಂಜಾಬಿನ ಡಿ.ಎ.ವಿ. ಕಾಲೇಜಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದಕ್ಕೆ ಉತ್ತರವಿತ್ತಿದೆ: ಭಾಷಾ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಆಡುಮಾತು ಇದ್ದರೆ ಸಾಕು, ಪ್ರತ್ಯೇಕ ಲಿಪಿ ಇರಲೇಬೇಕೆಂದಿಲ್ಲ. ಒಲೆಯ ಮುಂದೆ, ಹೊಲದ ಬದುವಿನ ಮೇಲೆ ಆಡುವ ಕನ್ನಡವೂ ಕನ್ನಡವೇ.

ಹಾಗಾದರೆ ಈ ಅರ್ಥದಿಂದ ದೊರೆಯುವುದೇನು? 1956ರಲ್ಲಿ ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ನೇಮಕವಾಗುತ್ತದೆ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಬೋಧನೆ. ಜಿಲ್ಲೆ, ತಾಲ್ಲೂಕು ಅಥವಾ ಪುರಸಭೆಯಲ್ಲಿ ಶೇ. 15ರಷ್ಟು ಭಾಷಿಕರಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿ ಎಂಬುವು ರಾಜ್ಯಗಳ ನಡುವೆ ಒಪ್ಪಿತವಾದ ರಕ್ಷಣಾ ಕ್ರಮಗಳು. ಮಹಾರಾಷ್ಟ್ರದಲ್ಲಿ ಗುಜರಾತಿ, ಸಿಂಧಿ, ಹಿಂದಿ ಭಾಷಿಕರು ನಡೆಸುವ ಮುಂಬಯಿಯ ಕಾಲೇಜುಗಳು ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳೆಂಬ ಮಾನ್ಯತೆ ಪಡೆದು ತಮ್ಮ ಭಾಷಿಕರಿಗೆ ಸ್ಥಾನಗಳನ್ನು ಕಾದಿರಿಸುತ್ತವೆ.

ಇವೆಲ್ಲಕ್ಕೂ ಆಧಾರ ಎಣಿಕೆ. ಎಣಿಕೆಗೆ ಆಧಾರ ಕಾಗದ. ಮಹಾರಾಷ್ಟ್ರದ ಶಾಲಾ ದಾಖಲೆಯಲ್ಲೂ ಶಾಲೆ ಬಿಟ್ಟ ಪ್ರಮಾಣಪತ್ರದಲ್ಲೂ ‘ಮಾತೃಭಾಷೆ’ ಎಂಬ ಅಂಕಣವಿದೆ. ಊರಿನ ಭಾಷೆ ಮರಾಠಿಯೆಂದು ಅಲ್ಲಿ ‘ಮರಾಠಿ’ ಎಂದು ಬರೆಸಿದರೆ ಆ ಮಗು ಕಾಗದದ ಮೇಲೆ ಕನ್ನಡಿಗನಾಗಿ ಉಳಿಯುವುದಿಲ್ಲ. ಹತ್ತು ಮಕ್ಕಳ ಲೆಕ್ಕ ಒಂಬತ್ತಕ್ಕೆ ಇಳಿಯುತ್ತದೆ. ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ಪಾಲಕರೇ ಎಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಸ್ಪಷ್ಟಪಡಿಸಿದೆ. ಮಗು ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದರೂ ಈ ಅಂಕಣದಲ್ಲಿ ‘ಕನ್ನಡ’ ಎಂದು ಬರೆಸಲು ಅಡ್ಡಿಯಿಲ್ಲ. ಮಾಧ್ಯಮ ಬೇರೆ, ಮಾತೃಭಾಷೆ ಬೇರೆ.

ಅರ್ಜಿಯಲ್ಲಿ ‘ಮೈನಾರಿಟಿ’ ಎಂದಷ್ಟೇ ಇದ್ದರೆ ಧರ್ಮದ ಆಧಾರವೋ ಭಾಷೆಯ ಆಧಾರವೋ ಎಂದು ಕೇಳಿ ತಿಳಿದು ತುಂಬಬೇಕು. ಬರುವ ಜೂನ್‌ನಲ್ಲಿ ಶಾಲೆಗಳು ತೆರೆದಾಗ, ಪಾಲಕರು ಮೊದಲು ಮುಖ್ಯಾಧ್ಯಾಪಕರ ಬಳಿ ದಾಖಲಾತಿ ಪುಸ್ತಕದ ಮಾತೃಭಾಷೆಯ ಅಂಕಣವನ್ನು ನೋಡಲಿ. ಮಗು ಶಾಲೆಯಲ್ಲಿರುವಾಗಲೇ ಅದನ್ನು ಸರಿಪಡಿಸಿಕೊಳ್ಳುವುದು ಸುಲಭ.