ಮಕ್ಕಳ ಕೈ, ಊರಿನ ಮಣ್ಣು



ನಿಮ್ಮ ಮನೆಯ ಮಗುವೊಂದರ ಕೈಗೆ ಹಾಳೆಯನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟು, "ಒಂದು ಚಿತ್ರ ಬರೆ" ಎಂದು ಹೇಳಿ ನೋಡಿ. ಬಹುಮಟ್ಟಿಗೆ ಅದು ಬರೆಯುವುದು ಇಷ್ಟು: ಮುಕ್ಕೋನದ ಎರಡು ಬೆಟ್ಟಗಳು, ಅವುಗಳ ನಡುವೆ ಹುಟ್ಟುತ್ತಿರುವ ಸೂರ್ಯ, ಅಲ್ಲಿಂದ ಇಳಿದುಬರುವ ಒಂದು ಹೊಳೆ, ದಡದಲ್ಲೊಂದು ಗುಡಿಸಲು, ಅದರ ಮಗ್ಗುಲಲ್ಲಿ ಒಂದು ತೆಂಗಿನ ಮರ. ಯಾದಗಿರಿಯ ಮಗುವೂ ಇದನ್ನೇ ಬರೆಯುತ್ತದೆ, ಶಹಾಪುರದ ಮಗುವೂ ಇದನ್ನೇ ಬರೆಯುತ್ತದೆ. ಆದರೆ ಆ ಸೀಮೆಯಲ್ಲಿ ಮುಕ್ಕೋನದ ಬೆಟ್ಟವೆಂಬುದು ಎಲ್ಲಿದೆ? ಯಾದಗಿರಿಯ ಕೋಟೆ ಕುಳಿತಿರುವುದು ಗುಂಡುಬಂಡೆಗಳ ಗುಡ್ಡದ ಮೇಲೆ. ಶಹಾಪುರದ ಬೆಟ್ಟಸಾಲಂತೂ ಒಂದು ದಿಕ್ಕಿನಿಂದ ನೋಡುವವರಿಗೆ ಅಂಗಾತ ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ ಎಲ್ಲವನ್ನೂ ಆಕಾಶದ ಅಂಚಿನಲ್ಲಿ ಗುರುತಿಸಬಹುದು. ಅಂಥ ಬೆಟ್ಟವನ್ನು ದಿನವೂ ಕಣ್ಣೆದುರಿಗೆ ಇಟ್ಟುಕೊಂಡಿರುವ ಮಗುವು ಹಾಳೆಯ ಮೇಲೆ ಮುಕ್ಕೋನವನ್ನು ಗೀಚುವುದಾದರೆ, ಅದು ತನ್ನ ಕಣ್ಣನ್ನು ನಂಬಲಿಲ್ಲವೆಂದೇ ಅರ್ಥ. ಯಾರೋ ಬರೆದುದನ್ನು ನೋಡಿ ಬರೆಯುವುದೇ ಚಿತ್ರವೆಂದು ಅದಕ್ಕೆ ನಾವು ಕಲಿಸಿಬಿಟ್ಟಿದ್ದೇವೆ.

ಬೇಸಗೆಯ ರಜೆಯಲ್ಲಿ ಊರೂರುಗಳಲ್ಲಿ ಮಕ್ಕಳ ಶಿಬಿರಗಳು ನಡೆಯುತ್ತವೆ. ಅವುಗಳಲ್ಲಿ ಚಿತ್ರಕಲೆಗೂ ಕೈಕೆಲಸಕ್ಕೂ ಸ್ಥಾನವುಂಟು. ಈ ಹತ್ತು ಹದಿನೈದು ದಿನಗಳಲ್ಲಿ ಮಗುವಿಗೆ ಏನನ್ನು ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಚಾರಮಾಡೋಣ.

ಮಗುವಿನ ಚಿತ್ರವು ದೊಡ್ಡವರ ಚಿತ್ರದ ಕುಂದಿದ ರೂಪವಲ್ಲ, ಅದಕ್ಕೆ ತನ್ನದೇ ಆದ ನಿಯಮವುಂಟು ಎಂಬ ಮಾತನ್ನು ಯೂರೋಪಿನಲ್ಲಿ ಬಲವಾಗಿ ಎತ್ತಿಹಿಡಿದವರಲ್ಲಿ ಫ್ರಾಂಟ್ಸ್ ಚಿಜೆಕ್ ಎಂಬಾತನು ಪ್ರಮುಖನು. ಈತನು 1897ರಲ್ಲಿ ವಿಯೆನ್ನಾ ನಗರದಲ್ಲಿ ಮಕ್ಕಳಿಗಾಗಿಯೇ ಒಂದು ಕಲಾಶಾಲೆಯನ್ನು ತೆರೆದನು. ನಮ್ಮಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಶಿಕ್ಷಣದ ಪ್ರಯೋಗಗಳನ್ನು ನಡೆಯಿಸಿದರು. ಈ ದೊಡ್ಡ ಹೆಸರುಗಳನ್ನು ನೆನೆಯುವುದು ಯುಕ್ತವೇ. ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಯಾವ ಶಾಲೆಯೂ ತೆರೆಯದ ಒಂದು ಕಲಾಶಾಲೆಯು ಬಹುಕಾಲದಿಂದ ನಡೆದು ಬಂದಿದೆ ಎಂಬುದನ್ನು ನಾವು ಮರೆಯುತ್ತೇವೆ.

ಜ್ಯೇಷ್ಠಮಾಸದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಮನೆಯಲ್ಲಿ ಮಣ್ಣಿನ ಜೋಡೆತ್ತುಗಳನ್ನು ಮಾಡಿ, ಅವುಗಳ ಮುಂದೆ ಮಣ್ಣಿನದೇ ಗೋದಲಿಯನ್ನಿಟ್ಟು ಪೂಜಿಸುತ್ತಾರೆ. ಆಷಾಢದಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಶ್ರಾವಣದಲ್ಲಿ ಮಣ್ಣಿನ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕುಳಿತು ಮನೆಮನೆಗೆ ಬರುವ ಜೋಕುಮಾರ. ಹೀಗೆ ಮಳೆಗಾಲದ ಪ್ರತಿಯೊಂದು ತಿಂಗಳಿಗೂ ಮಣ್ಣಿನ ಒಂದೊಂದು ರೂಪವುಂಟು. ಎತ್ತಿನ ಇಣಿ ಎಲ್ಲಿ ಏಳಬೇಕು, ಕೋಡು ಎತ್ತ ಬಾಗಬೇಕು ಎಂಬುದನ್ನು ಆ ಮಗುವಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಹಟ್ಟಿಯಲ್ಲಿ ಕಟ್ಟಿದ ಎತ್ತೇ ಅದರ ಗುರು. ಸುರಪುರದ ಸೀಮೆಯ ಬೂದಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನಗಾಹಿ ಜನರು ನೆಲೆಸಿದ್ದರು. ಅವರು ಸುಟ್ಟ ಸಗಣಿಯ ಬೂದಿಯ ದಿಬ್ಬವನ್ನು ಪ್ರಾಕ್ತನ ಶಾಸ್ತ್ರಜ್ಞರು ಅಗೆದು ಪರೀಕ್ಷಿಸಿದ್ದಾರೆ. ಎತ್ತು ಆ ನೆಲಕ್ಕೆ ಎಷ್ಟು ಹಳೆಯ ನಂಟ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದುದರಿಂದ ಶಿಬಿರದ ಮೊದಲ ಕೆಲಸವು ಮಣ್ಣಿನದಾಗಿರಲಿ. ಇದರಲ್ಲಿ ತಿಳಿಯತಕ್ಕ ಕೆಲವು ಸಂಗತಿಗಳಿವೆ. ಬರಿಯ ಎರೆಮಣ್ಣು ನೀರನ್ನು ಬಹಳವಾಗಿ ಹೀರಿ ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗಿ ಬಿರಿಯುತ್ತದೆ. ಬೇಸಗೆಯ ಹೊಲದಲ್ಲಿ ಬಾಯಿಬಿಟ್ಟ ಬಿರುಕುಗಳೇ ಇದನ್ನು ತೋರಿಸುತ್ತವೆ. ಆ ಮಣ್ಣಿಗೆ ಸಣ್ಣ ಮರಳನ್ನೋ ಹೊಟ್ಟನ್ನೋ ಬೆರೆಯಿಸಿದರೆ ಬಿರುಕು ಕಡಮೆಯಾಗುತ್ತದೆ. ಊರಿನ ಕುಂಬಾರರನ್ನು ಶಿಬಿರಕ್ಕೆ ಕರೆದು, ಅವರ ಹದವನ್ನು ಅವರ ಬಾಯಿಂದಲೇ ಕೇಳಿದರೆ ಇನ್ನೂ ಲೇಸು. ಕಾಲನ್ನೋ ಕೋಡನ್ನೋ ಅಂಟಿಸುವ ಮೊದಲು ಎರಡು ಮೈಗಳನ್ನೂ ಕಡ್ಡಿಯಿಂದ ಗೀರಿ, ನಡುವೆ ತೆಳುಗೆಸರನ್ನು ಸವರಬೇಕು. ಇಲ್ಲವಾದರೆ ಒಣಗಿದ ಮೇಲೆ ಕಳಚಿ ಬೀಳುತ್ತದೆ. ಮಾಡಿದ ವಸ್ತುವನ್ನು ಬಿಸಿಲಿನಲ್ಲಿಡದೆ ನೆರಳಿನಲ್ಲಿ ಒಣಗಿಸಬೇಕು. ಮೇ ತಿಂಗಳಲ್ಲಿ ಶಿಬಿರ ಮುಗಿದ ಕೆಲವು ವಾರಗಳಲ್ಲಿಯೇ ಮಣ್ಣೆತ್ತಿನ ಅಮಾವಾಸ್ಯೆ ಬರುವುದರಿಂದ, ಮಗುವು ಕಲಿತ ವಿದ್ಯೆಯು ಮನೆಯ ಜಗಲಿಗೆ ನೇರವಾಗಿ ಹೋಗಿ ಸೇರುತ್ತದೆ.

ಎರಡನೆಯ ಕೆಲಸವು ಕಣ್ಣಿನದು. ಬೆಳಗಿನ ತಂಪಿನಲ್ಲಿ ಮಕ್ಕಳನ್ನು ಬೆಟ್ಟವು ಕಾಣುವ ಬಯಲಿಗೆ ಕರೆದೊಯ್ಯಬೇಕು. ಮೊದಲು ಹಾಳೆಯನ್ನು ಕೊಡಬಾರದು. ಕೈಯನ್ನು ಚಾಚಿ, ಬೆರಳ ತುದಿಯಿಂದ ಬೆಟ್ಟದ ಅಂಚನ್ನು ಗಾಳಿಯಲ್ಲಿಯೇ ಎರಡು ಮೂರು ಸಲ ತಿದ್ದಲಿ. ಆಮೇಲೆ ಇದ್ದಲಿನ ಕಡ್ಡಿಯನ್ನು ಹಿಡಿದು ಒಂದೇ ಗೆರೆಯಲ್ಲಿ ಅದನ್ನು ಬರೆಯಲಿ. ಈ ಕಡ್ಡಿಯನ್ನು ಪೇಟೆಯಿಂದ ತರಬೇಕಾದುದಿಲ್ಲ. ತೊಗರಿ ಬೆಳೆಯುವ ಆ ಸೀಮೆಯಲ್ಲಿ ತೊಗರಿಕಟ್ಟಿಗೆಗೆ ಬಡತನವಿಲ್ಲ. ಅದರ ತೆಳ್ಳನೆಯ ಕಡ್ಡಿಗಳನ್ನು ಒಂದು ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳದಲ್ಲಿ ಹೊಗೆ ಹೋಗಲು ಒಂದು ಸಣ್ಣ ತೂತನ್ನು ಬಿಟ್ಟು, ಕೆಂಡದಲ್ಲಿ ಹೂಳಿದರೆ, ಗಾಳಿ ತಾಗದ ಕಡ್ಡಿಗಳು ಬೂದಿಯಾಗದೆ ಇದ್ದಲಾಗುತ್ತವೆ. ಈ ಬೆಂಕಿಯ ಕೆಲಸವು ಮಾತ್ರ ದೊಡ್ಡವರದು.

ಮೂರನೆಯದು ಬಣ್ಣದ ಕೆಲಸ. ಕಾವಿಕಲ್ಲನ್ನು ತೇಯ್ದರೆ ಕೆಂಪು, ಸುಣ್ಣದಿಂದ ಬಿಳಿ, ಇದ್ದಲಿನಿಂದ ಕಪ್ಪು, ಅರಿಸಿನದಿಂದ ಹಳದಿ. ಅರಿಸಿನಕ್ಕೆ ಸುಣ್ಣದ ತಿಳಿನೀರು ತಾಗಿದೊಡನೆಯೇ ಅದು ಕೆಂಪೇರುವುದನ್ನು ಕಂಡ ಮಗುವಿನ ಮುಖವನ್ನು ನೋಡಬೇಕು. ರಸಾಯನಶಾಸ್ತ್ರದ ಮೊದಲ ಪಾಠವು ಅಲ್ಲಿಯೇ ಆಗಿಹೋಗುತ್ತದೆ. ಸುಣ್ಣವು ಕಣ್ಣನ್ನೂ ಚರ್ಮವನ್ನೂ ಸುಡುವುದರಿಂದ ಅದನ್ನು ಹಿರಿಯರೇ ಬೆರೆಯಿಸಿಕೊಡತಕ್ಕದ್ದು. ಜಾಲಿಯ ಅಂಟನ್ನು ನೀರಿನಲ್ಲಿ ನೆನೆಯಿಟ್ಟು ಬಣ್ಣಕ್ಕೆ ಸೇರಿಸಿದರೆ ಅದು ಹಾಳೆಯಿಂದ ಉದುರುವುದಿಲ್ಲ. ಬಿಸಿಲಿಗೆ ಅರಿಸಿನದ ಬಣ್ಣವು ಬೇಗನೆ ಮಾಸುತ್ತದೆ, ಕಾವಿಯದು ನಿಲ್ಲುತ್ತದೆ. ಇದನ್ನು ಮಕ್ಕಳು ತಾವೇ ಪರೀಕ್ಷಿಸಿ ಕಂಡುಕೊಳ್ಳಲಿ.

ಬಣ್ಣದ ಮಾತು ಬಂದಾಗ ಸುರಪುರದ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ನಾಯಕ ಅರಸರ ಆಶ್ರಯದಲ್ಲಿ ಅಲ್ಲಿ ಒಂದು ಚಿತ್ರಸಂಪ್ರದಾಯವೇ ಬೆಳೆಯಿತು. ನವುರಾದ ಗೆರೆ, ದೇಸಿಯ ಬಣ್ಣ, ಚಿನ್ನದ ರೇಕು ಇವುಗಳಿಂದ ದೇವತೆಗಳನ್ನೂ ಅರಸರನ್ನೂ ಚಿತ್ರಿಸಿದ ಗರುಡಾದ್ರಿ ಮನೆತನದವರ ಹೆಸರು ಇಂದಿಗೂ ಉಳಿದಿದೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರಿಗೆ ಎದುರಾಗಿ ನಿಂತು ಅಳಿದ ಮೇಲೆ ಸಂಸ್ಥಾನವು ಹೋಯಿತು. ಸಂಸ್ಥಾನದೊಡನೆ ಚಿತ್ರಗಾರರ ಆಶ್ರಯವೂ ಹೋಯಿತು. ಅರಸರನ್ನು ಮರಳಿ ತರುವುದು ಯಾರಿಗೂ ಸಾಧ್ಯವಿಲ್ಲ. ಆದರೆ ತನ್ನ ಊರಿನ ಹೆಸರಿನಲ್ಲಿ ಒಂದು ಚಿತ್ರಶೈಲಿಯಿದೆ ಎಂಬುದನ್ನು ಸುರಪುರದ ಮಗುವು ಅರಿಯದೆ ಬೆಳೆಯುವುದು ಉಚಿತವಲ್ಲ. ಹಾಗೆಂದು ಆ ಚಿತ್ರಗಳನ್ನು ನಕಲು ಮಾಡಿಸಬಾರದು. ಹಾಗೆ ಮಾಡಿದರೆ ಮುಕ್ಕೋನದ ಬೆಟ್ಟದ ಬದಲಿಗೆ ಮತ್ತೊಂದು ಅಚ್ಚನ್ನು ಕೊಟ್ಟಂತಾಗುವುದು. ಒಂದು ಚಿತ್ರವನ್ನು ತೋರಿಸಿ, ಅದರ ಅಂಚಿನ ಬಳ್ಳಿ ಹೇಗೆ ಸಾಗುತ್ತದೆ, ಸೀರೆಯ ನೆರಿಗೆಯ ಗೆರೆ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ ಎಂದು ಕೇಳೋಣ. ಆ ಬಳಿಕ ಅಂಥದೇ ಅಂಚಿನ ನಡುವೆ ಅರಸನ ಬದಲಿಗೆ ತನ್ನ ಅಜ್ಜಿಯನ್ನು ಬರೆ ಎನ್ನೋಣ. ಅಜ್ಜಿಯ ಕೈಯ ಬಳೆಗಳನ್ನು ಎಣಿಸಲು ಮಗುವು ಅಂದು ಸಂಜೆ ಮನೆಗೆ ಓಡುತ್ತದೆ; ನೋಡುವುದೆಂದರೆ ಅದೇ.

ಅಜ್ಜಿಯರನ್ನೇ ಶಿಬಿರಕ್ಕೆ ಬರಮಾಡಿಕೊಂಡರೂ ಆದೀತು. ಹಳೆಯ ಬಟ್ಟೆಯ ತುಂಡುಗಳನ್ನು ಹೊಂದಿಸಿ ಕೌದಿ ಹೊಲಿಯುವವರ ಕಣ್ಣಿಗೆ ಬಣ್ಣಗಳ ಮೇಳ ಚೆನ್ನಾಗಿ ತಿಳಿದಿರುತ್ತದೆ. ಪ್ರತಿಯೊಂದು ಮಗುವೂ ಮನೆಯಿಂದ ಒಂದು ತುಂಡನ್ನು ತಂದು, ಎಲ್ಲರೂ ಸೇರಿ ಒಂದೇ ಕೌದಿಯನ್ನು ಮಾಡಿದರೆ, ಅದು ಶಿಬಿರದ ನೆನಪಾಗಿ ಶಾಲೆಯಲ್ಲಿ ಉಳಿಯುತ್ತದೆ.

ಇನ್ನು ವ್ಯವಸ್ಥೆಯ ಮಾತು. ಆ ಸೀಮೆಯ ಬೇಸಗೆಯು ನಾಲ್ವತ್ತು ಡಿಗ್ರಿಯನ್ನು ದಾಟುವುದುಂಟು; ಆದಕಾರಣ ಬೆಳಗ್ಗೆ ಏಳರಿಂದ ಹತ್ತೂವರೆಯೊಳಗೆ ಕೆಲಸವು ಮುಗಿಯಬೇಕು, ಕುಡಿಯುವ ನೀರು ಕೈಗೆ ಎಟುಕುವಂತಿರಬೇಕು. ಕೊನೆಯ ದಿನ ಎಲ್ಲ ಮಕ್ಕಳ ಕೆಲಸವನ್ನೂ ಪ್ರದರ್ಶನದಲ್ಲಿಡಬೇಕು. ಒಂದನೆಯ ಬಹುಮಾನ, ಎರಡನೆಯ ಬಹುಮಾನವೆಂದು ಹಂಚಿದರೆ ಮುಂದಿನ ವರ್ಷ ಎಲ್ಲರೂ ಗೆದ್ದ ಚಿತ್ರವನ್ನೇ ಬರೆಯುತ್ತಾರೆ. ಶಿಕ್ಷಕನು ಮಗುವಿನ ಹಾಳೆಯ ಮೇಲೆ ತನ್ನ ಗೆರೆಯನ್ನು ಎಳೆಯಬಾರದು; ಕೈಯಿಂದ ತಿದ್ದುವ ಬದಲಿಗೆ ಪ್ರಶ್ನೆಯಿಂದ ತಿದ್ದಬೇಕು.

ಕೊನೆಯದಾಗಿ ಒಂದು ಮಾತು. ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ. ಯಾದಗಿರಿ ಜಿಲ್ಲೆಯ ಅನೇಕ ಕುಟುಂಬಗಳು ಕೂಲಿಯನ್ನರಸಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಕೆಲವು ಮಕ್ಕಳು ತಾಯ್ತಂದೆಗಳ ಹಿಂದೆ ಹೋಗುತ್ತವೆ, ಕೆಲವು ಅಜ್ಜಅಜ್ಜಿಯರ ಬಳಿ ಉಳಿಯುತ್ತವೆ. ಶುಲ್ಕ ಕಟ್ಟಿ ಬಣ್ಣದ ಪೆಟ್ಟಿಗೆಯನ್ನು ಕೊಳ್ಳಬಲ್ಲವರಿಗೆ ಮಾತ್ರ ಶಿಬಿರವೆಂದಾದರೆ, ಮಣ್ಣೆತ್ತನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲ ಮಗುವೇ ಶಿಬಿರದ ಹೊರಗೆ ನಿಲ್ಲುತ್ತದೆ. ಮಣ್ಣು, ಇದ್ದಲು, ಕಾವಿ, ಚಿಂದಿಬಟ್ಟೆಗಳನ್ನು ನಾನು ಇಷ್ಟು ಹೊತ್ತು ಹೇಳಿದುದು ಹಳೆಯದರ ಮೇಲಣ ಮೋಹದಿಂದಲ್ಲ. ಅವುಗಳಿಗೆ ಬೆಲೆಯಿಲ್ಲ, ಆದುದರಿಂದ ಯಾವ ಹಳ್ಳಿಯ ಶಾಲೆಯ ಜಗಲಿಯ ಮೇಲಾದರೂ ಶಿಬಿರವನ್ನು ನಡೆಯಿಸಬಹುದು. ಅಲ್ಲಿ ಶುಲ್ಕ ಕಟ್ಟಿದ ಮಗುವು ಇನ್ನೊಂದು ಮಗುವಿನ ಮಗ್ಗುಲಲ್ಲಿ ಕುಳಿತು, "ಇಣಿಯನ್ನು ಹ್ಯಾಗೆ ಮಾಡಿದಿ? ನನಗೂ ತೋರಿಸು" ಎಂದು ಕೇಳುವ ಗಳಿಗೆ ಬಂದರೆ, ಶಿಬಿರವು ಸಾರ್ಥಕವಾಯಿತೆಂದು ತಿಳಿಯಬಹುದು.

ನಿಮ್ಮೂರಿನ ಬೆಟ್ಟವು ಯಾವ ಆಕಾರದಲ್ಲಿದೆ? ನಾಳೆ ಬೆಳಗ್ಗೆ ಮನೆಯ ಮಗುವಿನ ಕೈಹಿಡಿದುಕೊಂಡು ಹೋಗಿ ಒಮ್ಮೆ ನೋಡಿಬನ್ನಿ.